ನಿರಪರಾಧಿಯ ಪರವಾಗಿ ಪ್ರಶ್ನಿಸುವವರಾರು?

ತಪಸ್ಸುಕಾಲದ ಐದನೆಯ ವಾರದಲ್ಲಿ ಸುಸನ್ನಳ ವೃತ್ತಾಂತವನ್ನು ನಾವು ಬಲಿಪೂಜೆಯಲ್ಲಿ ಆಲಿಸುತ್ತೇವೆ. ಇಬ್ಬರು ಹಿರಿಯರ ಸುಳ್ಳುಸಾಕ್ಷಿಯನ್ನು ನಂಬಿ ಸಭೆಯು ಆಕೆಗೆ ಮರಣದಂಡನೆ ವಿಧಿಸಿಯಾಗಿತ್ತು. ಆಗ ತರುಣ ದಾನಿಯೇಲನು ಸಾಕ್ಷಿಗಳನ್ನು ಬೇರೆಬೇರೆಯಾಗಿ ಕರೆದು, ಯಾವ ಮರದಡಿ ಕಂಡಿರೆಂದು ವಿಚಾರಿಸಿದನು. ಉತ್ತರಗಳು ಬೇರೆಯಾದವು, ಆಕೆ ಉಳಿದಳು.

ಇದು ಅಂದಿನ ಮಾತು ಮಾತ್ರವಲ್ಲ. ಕುಶಾಲನಗರದ ಬಳಿಯ ಆದಿವಾಸಿಯೊಬ್ಬರು ತಮ್ಮ ಪತ್ನಿ 2020ರಲ್ಲಿ ಕಾಣೆಯಾದಾಗ ತಾವೇ ದೂರಿತ್ತರು. ಬೆಟ್ಟದಪುರದ ಕಡೆ ದೊರೆತ ಅಸ್ಥಿಪಂಜರವು ಆಕೆಯದೆಂದು ಬಗೆದು, ಅವರ ಮೇಲೆಯೇ ಕೊಲೆಯ ಮೊಕದ್ದಮೆ ಹೂಡಲಾಯಿತು. ಸುಮಾರು ಒಂದೂವರೆ ವರ್ಷ ಸೆರೆವಾಸವಾಯಿತು. ಡಿ.ಎನ್.ಎ. ಪರೀಕ್ಷೆ ತಾಳೆಯಾಗದಿದ್ದರೂ ಮೊಕದ್ದಮೆ ನಿಲ್ಲಲಿಲ್ಲ. 2025ರ ಏಪ್ರಿಲ್‌ನಲ್ಲಿ ಆ ಪತ್ನಿ ಮಡಿಕೇರಿಯಲ್ಲಿ ಜೀವಂತವಾಗಿ ಕಂಡುಬಂದರು. ಅದೇ ತಿಂಗಳು ಮೈಸೂರಿನ ನ್ಯಾಯಾಲಯವು ಪತಿಯನ್ನು ಖುಲಾಸೆಗೊಳಿಸಿತು. ಸತ್ತರೆನ್ನಲಾದವರೇ ಎದ್ದು ಬಂದು ನಿಲ್ಲುವ ಭಾಗ್ಯ ಪ್ರತಿಯೊಬ್ಬ ನಿರಪರಾಧಿಗೂ ಉಂಟೆ?

ಆದ್ದರಿಂದಲೇ ದಾನಿಯೇಲನಂತಹ ತರುಣರು ಬೇಕು. 1992ರಲ್ಲಿ ನ್ಯೂಯಾರ್ಕಿನ ಕಾರ್ಡೋಜೋ ಕಾನೂನು ಕಾಲೇಜಿನಲ್ಲಿ ಇಬ್ಬರು ವಕೀಲರು ‘ಇನೊಸೆನ್ಸ್ ಪ್ರಾಜೆಕ್ಟ್’ ಆರಂಭಿಸಿದರು. ವಿದ್ಯಾರ್ಥಿಗಳು ಹಳೆಯ ಕಡತಗಳನ್ನು ಮತ್ತೆ ತೆರೆದರು, ಡಿ.ಎನ್.ಎ. ಪರೀಕ್ಷೆಯು ಅನೇಕರನ್ನು ಸೆರೆಯಿಂದ ಬಿಡಿಸಿತು. ನಮ್ಮಲ್ಲಿ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ಮರಣದಂಡನೆಗೆ ಗುರಿಯಾದ ಮುನ್ನೂರಕ್ಕೂ ಹೆಚ್ಚು ಕೈದಿಗಳ ಸ್ಥಿತಿಗತಿಯನ್ನು ಅರಿತು 2016ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಬಡವರು.

ಅಪರಾಧಿಗಳ ಪರ ಇಷ್ಟು ಕನಿಕರವೇಕೆಂದು ಕೆಲವರು ಕೇಳುವುದುಂಟು. ಅಪರಾಧದ ಘೋರತೆಯು ಆರೋಪಿಯ ವಿರುದ್ಧ ಸಾಕ್ಷ್ಯವಾಗಲಾರದು. ತಪ್ಪು ಮನುಷ್ಯನನ್ನು ಹಿಡಿದಾಗ ನಿಜವಾದ ಅಪರಾಧಿ ತಪ್ಪಿಸಿಕೊಳ್ಳುತ್ತಾನೆ. ಬೆಟ್ಟದಪುರದ ಆ ಅಸ್ಥಿ ಯಾರದೋ, ಆ ಮೃತರಿಗೂ ಅನ್ಯಾಯವಾಯಿತಲ್ಲವೆ?

ಸಂವಿಧಾನದ 39ಎ ವಿಧಿಯು ಬಡವರಿಗೆ ಉಚಿತ ಕಾನೂನು ನೆರವನ್ನು ನೀಡಬೇಕೆನ್ನುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಮೇರೆಗೆ ಬಂಧನದಲ್ಲಿರುವವರಿಗೂ ಸ್ತ್ರೀಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಇದು ಸಲ್ಲುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನ್ಯಾಯಾಲಯಗಳಲ್ಲಿ ವಿಚಾರಿಸಬಹುದು. 15100 ಸಂಖ್ಯೆಗೆ ದೂರವಾಣಿ ಮಾಡಲೂಬಹುದು. ನೆರೆಮನೆಯವರು ಸಂಕಟದಲ್ಲಿದ್ದರೆ ಇದನ್ನು ತಿಳಿಸಿರಿ.

ಬೆಂಗಳೂರಿಗೆ ಹೋಗಿ ಕಾನೂನು ಓದುವ ಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಪದವಿ ಪಡೆದು ಬಂದಾಗ ಸಂಬಳವೆಷ್ಟೆಂದು ಕೇಳುವುದು ಸಹಜ. ಯಾರ ಪರವಾಗಿ ನಿಲ್ಲುವೆಯಪ್ಪಾ ಎಂದೂ ಒಂದು ಮಾತು ಕೇಳೋಣ.