ಕಿಲುಬಿನೊಳಗಿದೆ ಕಾಸಿನ ಕಥೆ

ಮಕ್ಕಳೇ, ಮುಂಗಾರಿನ ಮಳೆ ಬಿದ್ದು ನೇಗಿಲು, ಕುಂಟೆ ಹೊಲಕ್ಕಿಳಿದರೆ ನಮ್ಮ ಕಾನಹೊಸಹಳ್ಳಿ ಸೀಮೆಯಲ್ಲಿ ಒಮ್ಮೊಮ್ಮೆ ಹಳೆಯ ವಸ್ತುಗಳು ಮೇಲೆ ಬರುತ್ತವೆ: ಹಸಿರುಗಟ್ಟಿದ ಬಿಲ್ಲೆ, ತುಕ್ಕು ತಿಂದ ಕಬ್ಬಿಣ, ಮಡಕೆಯ ಚೂರು. ಇದು ಬಹಳ ಹಿಂದಿನಿಂದ ಜನ ಬಾಳಿದ ನೆಲ. ನಮ್ಮ ಕೂಡ್ಲಿಗಿ ತಾಲ್ಲೂಕಿನ ಕುಮತಿಯಲ್ಲಿ ಮನುಷ್ಯನ ಆಕಾರಕ್ಕೆ ಕಡಿದು ನಿಲ್ಲಿಸಿದ ಬೃಹತ್ ಶಿಲೆಗಳೇ ಇವೆ.

ಹಸಿರು ಬಿಲ್ಲೆ ಸಿಕ್ಕಿದರೆ ನಮ್ಮ ಕೈ ಮೊದಲು ಹೋಗುವುದು ಹುಣಸೆಹಣ್ಣಿಗೆ. ನನ್ನ ಅಜ್ಜಿ ತಾಮ್ರದ ಕೊಡವನ್ನು ಹುಣಸೆಹಣ್ಣು, ಉಪ್ಪು ಹಚ್ಚಿ ಫಳಫಳ ಹೊಳೆಸುತ್ತಿದ್ದಳು. ಕೊಡಕ್ಕೆ ಅದು ಸರಿ, ಹಳೆಯ ಕಾಸಿಗೆ ಸಲ್ಲದು. ನೂರಾರು ವರ್ಷ ಮಣ್ಣಿನಲ್ಲಿದ್ದ ತಾಮ್ರದ ಮೇಲ್ಮೈಯೇ ಕಿಲುಬಾಗಿ ಮಾರ್ಪಟ್ಟಿರುತ್ತದೆ. ಅಕ್ಷರ, ಚಿತ್ರಗಳು ಉಳಿದಿರುವುದು ಆ ಪದರದಲ್ಲೇ. ಹುಳಿ ಅದನ್ನು ಕರಗಿಸಿದರೆ ಅಕ್ಷರವೂ ಹೋಯಿತು.

ಅಕ್ಷರ ಹೋದರೆ ಏನು ನಷ್ಟ? ಆನೆಯ ಚಿತ್ರವಿರುವ ತಾಮ್ರದ ಕಾಸು ಸಿಕ್ಕಿತು ಎನ್ನೋಣ. ಟಿಪ್ಪು ಸುಲ್ತಾನನ ಕಾಸಿನಲ್ಲೂ ಆನೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲೂ ಆನೆ. ಟಿಪ್ಪುವಿನದರಲ್ಲಿ ಪಾರಸಿ ಲಿಪಿ. ಒಡೆಯರ ಕಾಸಿನಲ್ಲಿ ಕನ್ನಡವೂ ಉಂಟು, ಆನೆಯ ಮೇಲೆ ಸೂರ್ಯ, ಚಂದ್ರ, ‘ಶ್ರೀ’ ಕಾಣುತ್ತವೆ. ಉಜ್ಜಿ ಅವನ್ನು ಅಳಿಸಿದರೆ ಉಳಿಯುವುದು ಯಾರದೋ ಆನೆ!

ಇನ್ನಷ್ಟು ಗುರುತುಗಳನ್ನು ಹೇಳುತ್ತೇನೆ. ಎರಡು ತಲೆಯ ಗಂಡಭೇರುಂಡವಿದ್ದರೆ ವಿಜಯನಗರದ ಅಚ್ಯುತರಾಯನದು, ಬಾಲಕೃಷ್ಣನಿದ್ದರೆ ಕೃಷ್ಣದೇವರಾಯನದು ಇರಬಹುದು. ನಡುವೆ ದೊಡ್ಡ ತೂತಿರುವ ಕಾಸನ್ನು ಅಜ್ಜಂದಿರು ಥಟ್ಟನೆ ಗುರುತಿಸುತ್ತಾರೆ. ಅದು 1943ರಿಂದ 1947ರವರೆಗಿನ ಒಂದು ಪೈಸೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸಲು ಹಾಗೆ ಮಾಡಿದರು. ಅಂಥ 64 ಸೇರಿದರೆ ಒಂದು ರೂಪಾಯಿ.

ಎರಡು ಸಿಂಹ ಹಿಡಿದ ಗುರಾಣಿಯಿದ್ದರೆ ಅದು ಈಸ್ಟ್ ಇಂಡಿಯಾ ಕಂಪನಿಯದು. 1800ರಲ್ಲಿ ಬಳ್ಳಾರಿ ಸೀಮೆ ಕಂಪನಿಯ ಕೈಸೇರಿ ಮದ್ರಾಸಿಗೆ ಸೇರಿತು. ಮದ್ರಾಸಿಗೆಂದು ಇಂಗ್ಲೆಂಡಿನಲ್ಲಿ ಅಚ್ಚಾದ ಹತ್ತು ಮತ್ತು ಇಪ್ಪತ್ತು ಕಾಸುಗಳನ್ನು ಹೊತ್ತ ‘ಅಡ್ಮಿರಲ್ ಗಾರ್ಡ್ನರ್’ ಹಡಗು 1809ರ ಜನವರಿಯಲ್ಲಿ ಅಲ್ಲಿನ ಕರಾವಳಿಯಲ್ಲೇ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಆ ಕಾಸುಗಳನ್ನು ರಾಶಿ ರಾಶಿ ಮೇಲೆತ್ತಿದರು. ನಮ್ಮ ಸಂತೆಗಳಲ್ಲಿ ಓಡಾಡಬೇಕಿದ್ದ ಕಾಸು ಕಡಲ ತಳದಲ್ಲಿ ಮಲಗಿತ್ತು!

ಹಾಗಾದರೆ ಮಣ್ಣು ತೆಗೆಯುವುದು ಹೇಗೆ? ಮೊದಲು ನೆರಳಲ್ಲಿ ಒಣಗಿಸಿ. ಸಡಿಲ ಮಣ್ಣನ್ನು ಮೆತ್ತನೆಯ ಬ್ರಷ್ಷಿನಿಂದ ಜಾಡಿಸಿ. ತಾಮ್ರದ ಕಾಸಿಗೆ ಮಣ್ಣು ಗಟ್ಟಿಯಾಗಿ ಅಂಟಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಾ ಬಿಡಿ, ಆಮೇಲೆ ಪೂರ್ತಿ ಒಣಗಿಸಿ. ಕಬ್ಬಿಣಕ್ಕೆ ನೀರು ತಾಗಿಸಬೇಡಿ. ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ. ಕಾಸಿನಿಂದ ತಿಳಿಹಸಿರು ಪುಡಿ ಉದುರುತ್ತಿದ್ದರೆ ಲೋಹ ಇನ್ನೂ ಸವೆಯುತ್ತಿದೆ ಎಂದರ್ಥ. ಅದನ್ನು ಬೇರೆಯಾಗಿಟ್ಟು ಬಲ್ಲವರಿಗೆ ತೋರಿಸಿ.

ಕಾಸನ್ನು ಕಾಗದದ ಲಕೋಟೆಯಲ್ಲಿಟ್ಟು ಯಾವ ಹೊಲ, ಎಷ್ಟು ಆಳ, ಯಾವ ದಿನ, ಜೊತೆಗೆ ಏನಿತ್ತು ಎಂದು ಬರೆಯಿರಿ. ಸಿಕ್ಕ ಜಾಗ ತಿಳಿಯದ ಕಾಸು ವಿಳಾಸವಿಲ್ಲದ ಕಾಗದದಂತೆ. ಮೆಟಲ್ ಡಿಟೆಕ್ಟರ್ ಹಿಡಿದು ರಾತ್ರಿ ಗುಡಿ ಅಗೆಯುವ ನಿಧಿಗಳ್ಳರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಅವರು ನಂದಿಯನ್ನೂ ವೀರಗಲ್ಲನ್ನೂ ಕೀಳುತ್ತಾರೆ, ಊರಿನ ವಿಳಾಸವನ್ನೇ ಹರಿಯುತ್ತಾರೆ. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಮುಚ್ಚಿಡದೆ ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಿ. ರಾಜ್ಯದಲ್ಲಿ ಇದಕ್ಕೆಂದೇ 1962ರ ನಿಧಿ ಕಾಯ್ದೆಯಿದೆ.

ಅಜ್ಜ-ಅಜ್ಜಿಯರಿಗೂ ಒಂದು ಮಾತು. ‘ನಿಮ್ಮ ಹಳೆ ಕಾಸಿಗೆ ಲಕ್ಷ ರೂಪಾಯಿ, ಮೊದಲು ಶುಲ್ಕ ಕಟ್ಟಿ’ ಎಂದು ಫೋನ್ ಬಂದರೆ ಇಟ್ಟುಬಿಡಿ. ರಿಸರ್ವ್ ಬ್ಯಾಂಕೇ 2021ರಲ್ಲಿ ಇಂಥ ಮೋಸದ ಬಗ್ಗೆ ಎಚ್ಚರಿಸಿದೆ. ಅದಕ್ಕಿಂತ ಮೊಮ್ಮಕ್ಕಳನ್ನು ಹಂಪಿ ಪಕ್ಕದ ಕಮಲಾಪುರ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ವಿಜಯನಗರದ ನಾಣ್ಯಗಳನ್ನು ತೋರಿಸಿ. ಒಮ್ಮೆ ಕಣ್ಣು ಪಳಗಿದರೆ, ಮುಂದಿನ ಮಳೆಗೆ ಹೊಲದಲ್ಲಿ ಹಸಿರು ಬಿಲ್ಲೆ ಕಂಡಾಗ ಮೊಮ್ಮಗಳು ಹುಣಸೆಹಣ್ಣು ಹುಡುಕುವುದಿಲ್ಲ, ಪೆನ್ನು ಹುಡುಕುತ್ತಾಳೆ.