ಸಂಬಳ ತರದವರ ಊರು

ನನ್ನ ಗಂಡನಿಗೆ ಯಾವ ಊರಾದರೂ ಒಂದೇ. ಟೊರಾಂಟೊ ಆಗಲಿ, ಮೆಲ್ಬರ್ನ್ ಆಗಲಿ, ಸ್ಟುಟ್‌ಗಾರ್ಟ್ ಆಗಲಿ, ಬೆಳಿಗ್ಗೆ ಹೋಗಿ ಕೂರುವುದು ಅದೇ ಬಗೆಯ ಗಾಜಿನ ಕಟ್ಟಡದಲ್ಲಿ, ಆಡುವುದು ಅದೇ ಕಚೇರಿ ಇಂಗ್ಲಿಷ್, ಕುಡಿಯುವುದು ಅದೇ ಯಂತ್ರದ ಕಾಫಿ. ಪರದೇಶದ ಊರಿನಲ್ಲಿ ಹಗಲಿಡೀ ಬದುಕುವವರು ಮನೆಯ ಉಳಿದ ಮಂದಿ: ಕೆಲಸ ಬಿಟ್ಟು ಬಂದ ಹೆಂಡತಿ, ಭಾಷೆ ತಿಳಿಯದೆ ಶಾಲೆಗೆ ಸೇರಿದ ಮಗು, ಮೊಮ್ಮಗಳನ್ನು ನೋಡಲು ಬಂದಿಳಿಯುವ ಅಜ್ಜಿ. ಊರು ಆರಿಸುವಾಗ ಮಾತ್ರ ಇವರನ್ನು ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಕೇಳಿದರು, ಏಕೆಂದರೆ ನಾನು ಹಟ ಹಿಡಿದೆ.

ನಾನು ತಿಪಟೂರಿನ ಕಡೆಯವಳು. ಬಿ.ಎಸ್ಸಿ., ಬಿ.ಎಡ್. ಮಾಡಿಕೊಂಡು ಬೆಂಗಳೂರಿನ ಶಾಲೆಯೊಂದರಲ್ಲಿ ಜೀವಶಾಸ್ತ್ರ ಪಾಠ ಹೇಳುತ್ತಿದ್ದೆ. ಗಂಡ ವಾಹನಗಳ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವವರು. ಎರಡು ವರ್ಷಕ್ಕೆ ಹೋಗಿ ಬರುವ ಆನ್‌ಸೈಟ್ ಬೇಡ, ಹೋಗುವುದಾದರೆ ಕಾಯಮ್ಮಾಗಿ ಹೋಗೋಣ ಎಂದು ತೀರ್ಮಾನವಾದ ಮೇಲೆ ನಾಲ್ಕು ಹೆಸರು ಉಳಿದವು. ಅದರಲ್ಲಿ ದುಬೈ ಮೊದಲ ವಾರವೇ ಬಿದ್ದುಹೋಯಿತು. ಬೆಂಗಳೂರಿನಿಂದ ನಾಲ್ಕು ಗಂಟೆಯ ಹಾರಾಟ, ಆದಾಯ ತೆರಿಗೆ ಇಲ್ಲ, ಹಸಿ ಕರಿಬೇವು ಕೂಡ ಸಿಗುತ್ತದೆ. ಆದರೆ ಅಲ್ಲಿ ಕಾಯಂ ಎನ್ನುವುದೇ ಇಲ್ಲ. ಆಗ ಕೆಲಸದ ಜೊತೆಗೇ ಮುಗಿಯುವ ವೀಸಾ ಇತ್ತು, ಈಗ ಹತ್ತು ವರ್ಷದ ಗೋಲ್ಡನ್ ವೀಸಾ ಬಂದಿದೆ. ಎರಡೂ ನವೀಕರಿಸಬೇಕಾದ ಕಾಗದಗಳೇ.

ಉಳಿದ ಮೂರರ ಬಗ್ಗೆ ಗಂಡ ಒಂದು ದೊಡ್ಡ ಕೋಷ್ಟಕ ಮಾಡಿದರು. ಸಂಬಳ, ತೆರಿಗೆ, ಬಾಡಿಗೆ, ಪೌರತ್ವಕ್ಕೆ ಎಷ್ಟು ವರ್ಷ. ಜೊತೆಗೆ ‘ವಾಸಯೋಗ್ಯ ನಗರ’ಗಳ ಪಟ್ಟಿ. ಎಕನಾಮಿಸ್ಟ್ ಬಳಗದವರು ಹೊರಡಿಸುವ ಈ ಪಟ್ಟಿಯಲ್ಲಿ 2011ರಿಂದ 2017ರವರೆಗೆ ಮೆಲ್ಬರ್ನ್ ಮೊದಲ ಸ್ಥಾನದಲ್ಲಿತ್ತು, 2018ರಲ್ಲಿ ವಿಯೆನ್ನಾ ಅದನ್ನು ಕೆಳಗಿಳಿಸಿತು. ಇಂಥ ಪಟ್ಟಿಗಳನ್ನು ಓದುವಾಗ ಒಂದು ವಿಷಯ ನೆನಪಿರಲಿ. ನೌಕರರನ್ನು ಪರದೇಶಕ್ಕೆ ಕಳಿಸುವ ಕಂಪನಿಗಳು ಅವರಿಗೆ ಎಷ್ಟು ಕಷ್ಟಭತ್ಯೆ ಕೊಡಬೇಕೆಂದು ಲೆಕ್ಕ ಹಾಕಲಿಕ್ಕೆ ಇವನ್ನು ಬಳಸುತ್ತವೆ. ಬಾಡಿಗೆ ಎಷ್ಟೆನ್ನುವುದು ಅಂಕಕ್ಕೆ ಸೇರುವುದಿಲ್ಲ. ಗಂಡನನ್ನು ಕಚೇರಿಗೆ, ಮಗುವನ್ನು ಶಾಲೆಗೆ ಕಳಿಸಿದ ಮೇಲೆ ಹನ್ನೊಂದು ಗಂಟೆಗೆ ಒಬ್ಬಳೇ ಏನು ಮಾಡುತ್ತೀಯಾ ಎಂಬುದಂತೂ ಯಾರ ಲೆಕ್ಕಕ್ಕೂ ಬಂದಿಲ್ಲ.

ನಾನು ಕೋಷ್ಟಕದ ಕೆಳಗೆ ಮೂರು ಪ್ರಶ್ನೆ ಬರೆದೆ. ನಾನು ಕಾರು ಓಡಿಸದೆ ಹೊರಗೆ ಹೋಗಿ ಬರಬಲ್ಲೆನೇ? ನಾನು ಎಚ್ಚರವಿರುವ ಹೊತ್ತಿಗೆ ಅಮ್ಮನೂ ಎಚ್ಚರವಿರುತ್ತಾಳೆಯೇ? ಅಮ್ಮ ಬಂದರೆ ಎಷ್ಟು ದಿನ ಇರಬಹುದು, ಇದ್ದಷ್ಟು ದಿನ ಅವಳ ಮಂಡಿನೋವಿಗೆ ಈ ಊರು ಆಗಿಬರುತ್ತದೆಯೇ?

ಮೂರನೆಯ ಪ್ರಶ್ನೆಯ ಮೊದಲರ್ಧದಲ್ಲಿ ಕೆನಡಾ ಎಲ್ಲರಿಗಿಂತ ಮುಂದು. ಅದನ್ನು ಒಪ್ಪಲೇಬೇಕು. ಅಲ್ಲಿನ ‘ಸೂಪರ್ ವೀಸಾ’ದಲ್ಲಿ ಅಪ್ಪ ಅಮ್ಮ ಒಮ್ಮೆ ಬಂದರೆ ಈಗ ಐದು ವರ್ಷದವರೆಗೂ ಇರಬಹುದು. ಐದು ವರ್ಷದಲ್ಲಿ 1,095 ದಿನ ಕಳೆದವರು ಪೌರತ್ವಕ್ಕೆ ಅರ್ಜಿ ಹಾಕಬಹುದು, ಭಾಷೆಯ ಗೋಡೆಯೂ ಇಲ್ಲ. ಆದರೆ ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿದ್ದ ಗೆಳತಿ ಹೇಳಿದ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಗಂಡ ಕಾರಿನ ಕೀಲಿ ತೆಗೆದುಕೊಂಡು ಹೋದನೆಂದರೆ ಅವಳ ದಿನ ಅಲ್ಲಿಗೆ ಮುಗಿಯಿತು. ಜೊತೆಗೆ ಚಳಿಗಾಲದಲ್ಲಿ ಹತ್ತೂವರೆ ಗಂಟೆಯ ಅಂತರ. ಅಲ್ಲಿ ಸಂಜೆ ಏಳಾದಾಗ ತಿಪಟೂರಿನಲ್ಲಿ ಕೋಳಿ ಕೂಗುವ ಹೊತ್ತು. ಇನ್ನು ವಯಸ್ಸಿನ ಲೆಕ್ಕ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಮೂವತ್ತು ಮುಟ್ಟಿದ ಮೇಲೆ ವಯಸ್ಸಿನ ಅಂಕ ವರ್ಷವರ್ಷವೂ ಇಳಿದು 45ಕ್ಕೆ ಸೊನ್ನೆಯಾಗುತ್ತದೆ. ಆಸ್ಟ್ರೇಲಿಯಾದ ಅಂಕ ಪದ್ಧತಿಯ ವೀಸಾಕ್ಕೂ 45ರ ಒಳಗಿರಬೇಕು. ‘ಇನ್ನೊಂದು ಐದು ವರ್ಷ ನೋಡೋಣ’ ಎನ್ನುವವರಿಗೆ ಕೊನೆಗೆ ಊರು ಸಿಗುವುದಿಲ್ಲ, ಅಂಕಪಟ್ಟಿ ಮಾತ್ರ ಸಿಗುತ್ತದೆ.

ಮೆಲ್ಬರ್ನ್ ನನಗೆ ತುಂಬ ಹಿಡಿಸಿತ್ತು. ಟ್ರಾಮ್ ಇದೆ, ಬಿಸಿಲಿದೆ, ಗಡಿಯಾರದ ಲೆಕ್ಕವೂ ಹೊಂದುತ್ತದೆ. ಕೈಬಿಟ್ಟದ್ದು ಅಪ್ಪ ಅಮ್ಮಂದಿರ ವಿಷಯಕ್ಕೆ. ಅಲ್ಲಿ ಅವರನ್ನು ಬೇಗ ಕಾಯಂ ಕರೆಸಿಕೊಳ್ಳಲು ಒಬ್ಬೊಬ್ಬರಿಗೂ 40,000 ಆಸ್ಟ್ರೇಲಿಯನ್ ಡಾಲರಿಗೂ ಮೀರಿ ಕಟ್ಟಬೇಕು. ಅಷ್ಟು ಕಟ್ಟಿಯೂ ಕಾಯುವುದು ತಪ್ಪುವುದಿಲ್ಲ. ಕಟ್ಟಲಾಗದವರ ಸಾಲು ದಶಕಗಳಷ್ಟು ಉದ್ದ.

ಹೀಗೆ ಉಳಿದದ್ದು ಸ್ಟುಟ್‌ಗಾರ್ಟ್. ಬೆಂಗಳೂರಿನ ವಾಹನ ಎಂಜಿನಿಯರುಗಳಿಗೆ ಅದು ಪರಕೀಯವಲ್ಲ. ಆಡುಗೋಡಿಯ ಮೈಕೋ ಎಂದು ನಾವು ಕರೆಯುತ್ತಿದ್ದ ಬಾಷ್‌ನ ಮೂಲ ಆ ಊರು, ಮರ್ಸಿಡಿಸ್ ಬೆಂಜ್‌ನ ಕೇಂದ್ರ ಕಚೇರಿಯೂ ಅಲ್ಲೇ. ಆದರೆ ಎಂಜಿನಿಯರನಿಗೆ ಹೆಡ್ಡಾಫೀಸಾದ ಊರು ಅವನ ಹೆಂಡತಿಗೆ ಏನು? ನೋಡಿಬರಲು ನಾನು ಹೋದದ್ದು ಫೆಬ್ರುವರಿಯಲ್ಲಿ. ಗಂಡನಿಗೆ ಕಚೇರಿ ಕೆಲಸವಿತ್ತು, ನನ್ನ ಟಿಕೆಟ್ಟಿಗೆ ನಾವೇ ದುಡ್ಡು ಹಾಕಿದೆವು. ಬೇಕೆಂದೇ ಆ ತಿಂಗಳು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುವಾಗ ಯುರೋಪಿನ ಯಾವ ಊರು ತಾನೇ ಚೆನ್ನಾಗಿರುವುದಿಲ್ಲ? ಫೆಬ್ರುವರಿಯ ಸ್ಟುಟ್‌ಗಾರ್ಟ್ ಬೂದು ಬಣ್ಣದ್ದು. ಬಾಣಲೆಯ ತಳದಂಥ ತಗ್ಗಿನಲ್ಲಿ ಊರು, ಸುತ್ತ ಗುಡ್ಡ, ಗುಡ್ಡದ ಮೇಲೆ ನಗರದೊಳಗೇ ದ್ರಾಕ್ಷಿ ತೋಟ. ಗಾಳಿ ಆಡುವುದಿಲ್ಲ, ಇಳಿದ ಮಂಜು ಏಳುವುದಿಲ್ಲ. ವಾಯುಮಾಲಿನ್ಯಕ್ಕೆ ಹೆದರಿ 2019ರಿಂದ ಹಳೆಯ ಡೀಸೆಲ್ ಕಾರುಗಳನ್ನು ಒಳಗೆ ಬಿಡುವುದನ್ನೇ ನಿಲ್ಲಿಸಿದರು, ಅದೂ ಡೀಸೆಲ್ ಪಂಪು ಮಾಡಿ ಸಿರಿವಂತವಾದ ಊರಿನಲ್ಲಿ!

ಗಂಡ ಕಚೇರಿಗೆ ಹೋದ ಮೇಲೆ ನಾನು ಒಬ್ಬಳೇ ಹೊರಟೆ. ಪರೀಕ್ಷೆಗೆ ಇಳಿಸಿದ್ದು ಊರನ್ನು, ನನ್ನನ್ನಲ್ಲ. ಒಂದು ದಿನದ ಚೀಟಿ ಕೊಂಡರೆ ಟ್ರಾಮು, ರೈಲು, ಬಸ್ಸು ಎಲ್ಲಕ್ಕೂ ಅದೇ. ಮಾರಿಯನ್‌ಪ್ಲಾಟ್ಸ್‌ನಿಂದ ಡೆಗರ್‌ಲೋಖ್ ಗುಡ್ಡಕ್ಕೆ 1884ರಿಂದಲೂ ಹಲ್ಲುಗಾಲಿಯ ಪುಟ್ಟ ರೈಲು ಹತ್ತುತ್ತಿದೆ, ಅದಕ್ಕೂ ಅದೇ ಚೀಟಿ. ನಾನು ನೋಡುತ್ತಿದ್ದದ್ದು ಅಮ್ಮನ ಮಂಡಿಯ ಕಣ್ಣಿನಿಂದ. ಊರಿನಲ್ಲಿ ಗುಡ್ಡ ಹತ್ತುವ ಕಲ್ಲು ಮೆಟ್ಟಿಲ ಸಾಲುಗಳು ನಾನೂರಕ್ಕೂ ಹೆಚ್ಚಿವೆ, ಅಲ್ಲಿ ಮನೆ ಹಿಡಿದರೆ ಅಮ್ಮ ಮನೆಯೊಳಗೇ ಬಂದಿ. ಆದರೆ ಟ್ರಾಮಿನ ನಿಲ್ದಾಣಗಳ ಕಟ್ಟೆ ಗಾಡಿಯ ಬಾಗಿಲಿಗೆ ಸಮವಾಗಿದೆ, ಮೆಟ್ಟಿಲೇ ಇಲ್ಲ. ತಳ್ಳುಗಾಡಿ ಹಿಡಿದ ತಾಯಂದಿರು, ಊರುಗೋಲಿನ ಮುದುಕಿಯರು ಯಾರ ಕೈಯನ್ನೂ ಕೇಳದೆ ಹತ್ತಿ ಇಳಿಯುತ್ತಿದ್ದರು. ಆ ಹೊತ್ತಿಗೆ ನನ್ನ ಮನಸ್ಸು ಗಟ್ಟಿಯಾಯಿತು. ಗುಡ್ಡದ ಮೇಲಿನ ಚೆಂದದ ಬಡಾವಣೆಗಳನ್ನು ಬಿಟ್ಟು ನೆಕ್ಕರ್ ನದಿಯ ದಂಡೆಯ ಸಮತಟ್ಟು ಬಾಡ್ ಕಾನ್‌ಸ್ಟಾಟ್‌ನಲ್ಲಿ ಮನೆ ಹುಡುಕಬೇಕೆಂದೂ ಅಂದೇ ಗೊತ್ತಾಯಿತು. ಖನಿಜ ನೀರಿನ ಬುಗ್ಗೆಗಳ ಊರದು. ಗಾಟ್‌ಲೀಬ್ ಡೈಮ್ಲರ್ ತನ್ನ ಎಂಜಿನ್ ಕಟ್ಟಿದ ತೋಟದ ಮನೆ ಅಲ್ಲಿನ ಪಾರ್ಕಿನಲ್ಲಿ ಈಗಲೂ ಇದೆ.

ಮನೆ ಹುಡುಕುವ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಬರುವವರು ಎಡವುವುದು ಇಲ್ಲೇ. ಜರ್ಮನಿಯಲ್ಲಿ ಹೊಸ ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕನ ಸಹಿ ಇರುವ ಪತ್ರ ಬೇಕು. ನೋಂದಣಿಯಾದರೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ, ಬ್ಯಾಂಕು, ಮಗುವಿನ ಶಾಲೆ ಎಲ್ಲಕ್ಕೂ ಆ ವಿಳಾಸವೇ ಬುನಾದಿ. ಸಹಿ ಕೊಡದ ಮಾಲೀಕನ ಮನೆ ಎಷ್ಟು ಅಗ್ಗವಾದರೂ ಬೇಡ. ಬಾಡಿಗೆಯಲ್ಲಿ ಎರಡು ಬಗೆ: ‘ತಣ್ಣನೆಯ’ ಬಾಡಿಗೆ ಬರೀ ಗೋಡೆಗೆ, ‘ಬೆಚ್ಚನೆಯ’ದರಲ್ಲಿ ಕಾವು, ನೀರು, ಕಸದ ಖರ್ಚೂ ಸೇರಿರುತ್ತದೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಮೊದಲನೆಯದು. ಮುಂಗಡ ಮೂರು ತಿಂಗಳ ತಣ್ಣನೆಯ ಬಾಡಿಗೆಯನ್ನು ಮೀರುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದ ನಮಗೆ ಅದು ಧರ್ಮದ ಕಾಲ ಅನ್ನಿಸಿತು. ಆ ಸಂತೋಷ ಅಡುಗೆಮನೆ ನೋಡುವವರೆಗೆ ಮಾತ್ರ. ಬಹಳಷ್ಟು ಮನೆಗಳಲ್ಲಿ ಅಡುಗೆಮನೆ ಎಂದರೆ ನಾಲ್ಕು ಗೋಡೆ, ಒಂದು ನಲ್ಲಿಯ ಕೊಳವೆ. ಒಲೆ, ಸಿಂಕು, ಕಪಾಟು ಎಲ್ಲ ನಮ್ಮದೇ.

ಮನೆ ಸಿಕ್ಕ ಮೇಲೆ ಬಾಗಿಲಿಗೆ ಒಂದು ಫಲಕ ಬಂದು ನೇತುಬಿತ್ತು. ಈ ವಾರ ಮಹಡಿಯ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ನಮ್ಮದೆಂದು ಅದರ ಅರ್ಥ. ಇಲ್ಲಿನ ಸ್ವಾಬಿಯನ್ ಸೀಮೆಯ ಈ ಗುಡಿಸುವ ವಾರದ ಪದ್ಧತಿ 15ನೇ ಶತಮಾನದ ಕೊನೆಯ ಊರಕಟ್ಟಳೆಯಿಂದ ಬಂದದ್ದಂತೆ. ಈಗಲೂ ಬಾಡಿಗೆ ಕರಾರಿನಲ್ಲಿರುತ್ತದೆ. ಬೆಳಗಾಗೆದ್ದು ಅಂಗಳ ಸಾರಿಸುತ್ತಿದ್ದವರ ಮನೆಯ ಹೆಣ್ಣಿಗೆ ಇದೇನು ದೊಡ್ಡದಲ್ಲ. ಎದುರು ಮನೆಯ ಅಜ್ಜಿ ನನ್ನೊಂದಿಗೆ ಮೊದಲು ಮಾತಾಡಿದ್ದೇ ಮೆಟ್ಟಿಲ ಮೂಲೆಯಲ್ಲಿ ಉಳಿದ ಧೂಳಿನ ಬಗ್ಗೆ.

ಭಾಷೆಯ ವಿಷಯದಲ್ಲಿ ಸುಳ್ಳು ಸಮಾಧಾನ ಬೇಡ. ‘ಇಂಗ್ಲಿಷಿನಲ್ಲೇ ನಡೆಯುತ್ತದೆ’ ಎನ್ನುವವರೆಲ್ಲ ಸಂಬಳ ತರುವವರು. ವೈದ್ಯರ ಸ್ವಾಗತಕಾರಿಣಿ, ಶಾಲೆಯ ಪತ್ರ, ಔಷಧಿ ಅಂಗಡಿ ಎಲ್ಲ ಜರ್ಮನ್. ಗಂಡನದು ಪದವೀಧರ ನೌಕರರಿಗೆ ಕೊಡುವ ಬ್ಲೂ ಕಾರ್ಡ್ ಪರವಾನಗಿ ಆದ್ದರಿಂದ ನನಗೆ ಬಂದ ದಿನದಿಂದಲೇ ಕೆಲಸ ಮಾಡುವ ಹಕ್ಕಿತ್ತು. ಅಮೆರಿಕದಲ್ಲಿ ಎಚ್-4 ವೀಸಾ ಹಿಡಿದು ಅನುಮತಿಗಾಗಿ ಕಾದು ಕೂತ ಗೆಳತಿಯರಿಗೆ ಇದರ ಬೆಲೆ ಗೊತ್ತು. ಆದರೆ ಹಕ್ಕಿದ್ದ ಮಾತ್ರಕ್ಕೆ ಟೀಚರ್ ಕೆಲಸ ಸಿಗುವುದಿಲ್ಲ. ಅದಕ್ಕೆ ಎರಡು ವಿಷಯದ ಪದವಿ ಬೇಕು, ಜರ್ಮನ್ನರ ಹತ್ತಿರ ಹತ್ತಿರದ ಭಾಷೆ ಬೇಕು. ನಾನು ರೋಟೆಬ್ಯೂಲ್‌ಪ್ಲಾಟ್ಸ್‌ನ ಜನತಾ ಶಾಲೆಯಲ್ಲಿ 600 ಗಂಟೆಯ ತರಗತಿಗೆ ಕೂತೆ. ಸಿರಿಯಾದ ದರ್ಜಿ, ಬ್ರೆಜಿಲ್‌ನ ನರ್ಸು, ನಾನು ಒಂದೇ ಬೆಂಚು. ಈಗ ಶಿಶುವಿಹಾರವೊಂದರಲ್ಲಿ ಸಹಾಯಕಿ. ಭಾಷೆ ಕಲಿಯುವ ಕಷ್ಟದಲ್ಲಿ ಈ ಸೀಮೆಯಿಂದ ಬಂದು ಕನ್ನಡ ಕಲಿತವರು ನೆನಪಾಗುತ್ತಾರೆ. ಕಾನ್‌ಸ್ಟಾಟ್‌ನಿಂದ ಎಸ್-1 ರೈಲು ಹಿಡಿದರೆ ಎಸ್ಲಿಂಗನ್ ಸಿಗುತ್ತದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ 1881ರಲ್ಲಿ ಕಣ್ಣು ಮುಚ್ಚಿದ್ದು ಅಲ್ಲೇ. ನಿಘಂಟಿನ ಕಿಟ್ಟೆಲ್ ಕೊನೆಯ ದಿನ ಕಳೆದ ಟ್ಯೂಬಿಂಗನ್ ಕೂಡ ದೂರವಿಲ್ಲ. ನನ್ನ ಜರ್ಮನ್ ಕೇಳಿ ಮಾರುಕಟ್ಟೆಯ ಹೆಂಗಸು ಹುಬ್ಬೇರಿಸಿದಾಗ, ಮಂಗಳೂರಿನಲ್ಲಿ ಇವರ ಕನ್ನಡ ಕೇಳಿದವರೂ ಮೊದಮೊದಲು ಹೀಗೇ ಮಾಡಿರಬೇಕು ಅಂದುಕೊಳ್ಳುತ್ತೇನೆ.

ಅಮ್ಮ ಬಂದದ್ದು ಷೆಂಗನ್ ವೀಸಾದಲ್ಲಿ. 180 ದಿನದಲ್ಲಿ 90 ದಿನ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ವಿಮೆ. ಎರಡನೇ ವಾರಕ್ಕೆ ಅವಳು ತಾನೇ ಟ್ರಾಮು ಹತ್ತಿ ಬುಗ್ಗೆಯ ನೀರು ಹಿಡಿದು ತರುತ್ತಿದ್ದಳು. ‘ಉಪ್ಪುಪ್ಪು, ಆದರೂ ಒಳ್ಳೇದಂತೆ’ ಎಂದು ನಮಗೂ ಕುಡಿಸಿದಳು. ಊರು ನನ್ನ ಪ್ರಶ್ನೆಗೆ ಉತ್ತರ ಕೊಟ್ಟಿತ್ತು, ದೇಶದ ಕಾನೂನು ಕೊಡಲಿಲ್ಲ. 2024ರ ಮಾರ್ಚ್ 1ರ ನಂತರ ಮೊದಲ ಪರವಾನಗಿ ಪಡೆದ ಕುಶಲ ನೌಕರರು ಅಪ್ಪ ಅಮ್ಮನನ್ನು ಕರೆಸಿಕೊಳ್ಳಬಹುದೆಂದು ಜರ್ಮನಿ ಬಾಗಿಲು ತೆರೆದಿದೆ, ಖರ್ಚು ಮತ್ತು ಆರೋಗ್ಯ ವಿಮೆಯ ಹೊಣೆ ಹೊತ್ತರೆ. ನಾವು ಅದಕ್ಕೂ ಮೊದಲೇ ಬಂದವರು, ನಮಗೆ ಅನ್ವಯಿಸುವುದಿಲ್ಲ. ಈಗ ಹೊರಡುವವರು ಈ ತಾರೀಖನ್ನು ಗುರುತು ಹಾಕಿಕೊಳ್ಳಿ.

ಒಂದೇ ಉದ್ಯಮದ ಊರಿಗೆ ಅದರದೇ ಅಪಾಯವಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಾಷ್ ಇನ್ನೂ ಸುಮಾರು 13,000 ಹುದ್ದೆ ಕಡಿಮೆ ಮಾಡುವುದಾಗಿ ಸಾರಿದಾಗ ನಮ್ಮ ಪರಿಚಯದ ಮನೆಗಳಲ್ಲೆಲ್ಲ ಅದೇ ಮಾತು. ಕಾಯಂ ವಾಸದ ಪರವಾನಗಿ ಕೈಯಲ್ಲಿದ್ದವರು ನಿದ್ದೆ ಮಾಡಿದರು, ಇಲ್ಲದವರು ಮಾಡಲಿಲ್ಲ. ಬ್ಲೂ ಕಾರ್ಡಿನವರಿಗೆ ಅದು 27 ತಿಂಗಳಿಗೆ ಸಿಗಬಹುದು, ಬಿ-1 ಮಟ್ಟದ ಜರ್ಮನ್ ಬಂದರೆ 21ಕ್ಕೇ. ಭಾಷೆ ಕಲಿಯುವುದೆಂದರೆ ಆರು ತಿಂಗಳು ಮುಂಚೆ ನಿಶ್ಚಿಂತೆಯಾಗುವುದು. ಇನ್ನು ಮಕ್ಕಳು: ಇಲ್ಲಿ ನಾಲ್ಕನೇ ತರಗತಿ ಮುಗಿಯುವಾಗಲೇ, ಹತ್ತು ವರ್ಷದ ವಯಸ್ಸಿಗೇ, ವಿಶ್ವವಿದ್ಯಾಲಯದತ್ತ ಹೋಗುವ ಶಾಲೆಯೋ ಬೇರೆಯದೋ ಎಂದು ದಾರಿ ಕವಲೊಡೆಯುತ್ತದೆ. ನಮ್ಮ ಮಗಳು ನಾಲ್ಕು ವರ್ಷದವಳಿದ್ದಾಗ ಬಂದದ್ದು ಒಳ್ಳೆಯದಾಯಿತು. ಎಂಟೊಂಬತ್ತು ವರ್ಷದ ಮಗುವಿದ್ದರೆ ನಾನು ಟೊರಾಂಟೊವನ್ನೇ ಹೇಳುತ್ತಿದ್ದೆ.

ಪಾಸ್‌ಪೋರ್ಟಿನ ಪ್ರಶ್ನೆ ಕೊನೆಗೆ ಬರುತ್ತದೆ. 2024ರ ಜೂನ್ 27ರಿಂದ ಜರ್ಮನಿ ಐದು ವರ್ಷಕ್ಕೇ ಪೌರತ್ವ ಕೊಡುತ್ತದೆ, ಹಳೆಯದನ್ನು ಬಿಡಬೇಕೆಂದೂ ಕೇಳುವುದಿಲ್ಲ. ಬಿಡಿಸುವುದು ಭಾರತ. ಇನ್ನೊಂದು ದೇಶದ ಪ್ರಜೆಯಾದ ಕ್ಷಣವೇ ನಮ್ಮ ಪೌರತ್ವ ಹೋಗುತ್ತದೆ, ಒಸಿಐ ಕಾರ್ಡ್ ಪಡೆಯಬಹುದು, ಮತದಾನವಿಲ್ಲ. ಜಮೀನಿನ ಬಗ್ಗೆ ಊರಲ್ಲಿ ತಪ್ಪು ತಿಳಿವಳಿಕೆ ಬಹಳ. ಕೃಷಿ ಭೂಮಿ ಕೊಳ್ಳುವ ಹಕ್ಕು ಪಾಸ್‌ಪೋರ್ಟ್ ಬದಲಾದಾಗ ಹೋಗುವುದಲ್ಲ, ಭಾರತದ ಪಾಸ್‌ಪೋರ್ಟಿದ್ದರೂ ಅನಿವಾಸಿಯಾದಾಗಲೇ ಹೋಗಿರುತ್ತದೆ. ಹಿರಿಯರಿಂದ ಬಂದ ತೋಟ ಮಾತ್ರ ಎರಡೂ ಸ್ಥಿತಿಯಲ್ಲಿ ನಮ್ಮದಾಗಿ ಉಳಿಯಬಹುದು. ಅಪ್ಪನ ತೆಂಗಿನ ತೋಟದ ಪಕ್ಕದ ಎರಡು ಎಕರೆ ಮಾರಾಟಕ್ಕೆ ಬಂದಾಗ ನಾವು ಸುಮ್ಮನೆ ನೋಡುತ್ತ ನಿಲ್ಲಬೇಕಾಯಿತು. ಗಂಡ ಜರ್ಮನ್ ಪೌರತ್ವಕ್ಕೆ ಅರ್ಜಿ ಹಾಕಿದ್ದಾರೆ, ನಾನು ಹಾಕಿಲ್ಲ.

ಹೊರಡುವ ಯೋಚನೆಯಲ್ಲಿರುವವರಿಗೆ ನನ್ನ ವಿನಂತಿ ಇಷ್ಟೇ. ಕೆಲಸದ ಪತ್ರಕ್ಕೆ ಸಹಿ ಹಾಕುವ ಮೊದಲು, ಸಾಧ್ಯವಾದರೆ ಜನವರಿ ಫೆಬ್ರುವರಿಯಲ್ಲಿ, ಆ ಊರಿಗೆ ಹೋಗಿ ಬನ್ನಿ. ಹೋದಾಗ ಸಂಬಳ ತರುವವರು ಹೋಟೆಲಿನಲ್ಲಿ ಕೂತಿರಲಿ, ತರದವರು ಒಬ್ಬರೇ ಹೋಗಿ ಒಂದು ಲೀಟರ್ ಹಾಲು, ಒಂದು ಜ್ವರದ ಮಾತ್ರೆ ತಂದು ತೋರಿಸಲಿ.