ಮೂತ್ರಪಿಂಡ ರೋಗದಲ್ಲಿ ನೀರು ಮತ್ತು ಲವಣಗಳ ಸಮತೋಲನ

‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬುದು ನಮ್ಮ ಹಿರಿಯರ ಅನುಭವದ ನುಡಿ. ಆದರೆ ಮೂತ್ರಪಿಂಡಗಳು ದುರ್ಬಲಗೊಂಡ ರೋಗಿಯ ಪಾಲಿಗೆ ಅದೇ ಉಪ್ಪು, ಅದೇ ನೀರು, ಬಂಧುಗಳು ಪ್ರೀತಿಯಿಂದ ತಂದುಕೊಟ್ಟ ಎಳನೀರು ಸಹ ಪ್ರಾಣಕ್ಕೆ ಎರವಾಗಬಲ್ಲವು. ಇದರ ಕಾರಣವನ್ನು ತಿಳಿಯುವುದು ವೈದ್ಯರಿಗೆ ಮಾತ್ರವಲ್ಲದೆ, ರೋಗಿಗೆ ಅಡಿಗೆ ಮಾಡಿ ಬಡಿಸುವ ಮನೆಯವರಿಗೂ ಅವಶ್ಯಕವಾಗಿದೆ.

ಆರೋಗ್ಯವಂತನ ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬಹುಭಾಗವನ್ನು ಮರಳಿ ರಕ್ತಕ್ಕೆ ಸೇರಿಸಿ, ಒಂದೂವರೆ ಎರಡು ಲೀಟರುಗಳಷ್ಟನ್ನು ಮಾತ್ರ ಮೂತ್ರರೂಪದಲ್ಲಿ ಹೊರಹಾಕುತ್ತವೆ. ಈ ಮಹತ್ಕಾರ್ಯದ ನಡುವೆಯೇ ಸೋಡಿಯಂ, ಪೊಟ್ಯಾಸಿಯಂ, ರಂಜಕ, ಆಮ್ಲ ಮೊದಲಾದವುಗಳಲ್ಲಿ ಶರೀರಕ್ಕೆ ಬೇಕಾದುದನ್ನು ಉಳಿಸಿ ಬೇಡವಾದುದನ್ನು ಕಳೆಯುತ್ತವೆ. ಈ ಶಕ್ತಿ ಕುಂದಿದಾಗ ಊಟದ ತಟ್ಟೆಯಲ್ಲಿಯೇ ಲೆಕ್ಕವಿಡಬೇಕಾಗುತ್ತದೆ.

ಮೊದಲನೆಯದು ಉಪ್ಪು. ಉಪ್ಪಿನಲ್ಲಿರುವ ಸೋಡಿಯಂ ನೀರನ್ನು ತನ್ನೊಡನೆ ಹಿಡಿದಿಡುತ್ತದೆ. ಸುಮಾರು 9 ಗ್ರಾಂ ಉಪ್ಪು ಶರೀರದಲ್ಲಿ ಉಳಿದರೆ ಒಂದು ಲೀಟರು ನೀರು ನಿಲ್ಲುತ್ತದೆ. ಕಾಲುಬಾವು, ರಕ್ತದೊತ್ತಡ, ಮಲಗಿದಾಗ ಬರುವ ಏದುಸಿರು ಇದರ ಫಲ. ಉಪ್ಪು ಹೆಚ್ಚಾದಷ್ಟೂ ಬಾಯಾರಿಕೆ ಹೆಚ್ಚುವುದರಿಂದ, ಉಪ್ಪನ್ನು ಬಿಡಿಸದೆ ನೀರನ್ನು ಮಾತ್ರ ಬಿಡಿಸುವುದು ವ್ಯರ್ಥ ಪ್ರಯತ್ನವೇ ಸರಿ. ದಿನಕ್ಕೆ 5 ಗ್ರಾಂ, ಎಂದರೆ ಒಂದು ಚಹಾ ಚಮಚೆಗಿಂತ ಕಡಿಮೆ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ ಅಡಗಿರುವ ಉಪ್ಪೂ ಈ ಲೆಕ್ಕಕ್ಕೆ ಸೇರಬೇಕು.

ಎರಡನೆಯದು ನೀರು. ಮೂತ್ರ ತೀರ ಕಡಿಮೆಯಾದವರಿಗೆ, ಹಿಂದಿನ ದಿನದ ಮೂತ್ರದ ಪ್ರಮಾಣಕ್ಕೆ ಸುಮಾರು 500 ಮಿಲಿಲೀಟರು ಸೇರಿಸಿ ಅಷ್ಟೇ ದ್ರವವನ್ನು ಕೊಡುವುದು ರೂಢಿಯ ಕ್ರಮ. ಮಜ್ಜಿಗೆ, ಗಂಜಿ, ಸಾರು, ಕಾಫಿ ಎಲ್ಲವೂ ದ್ರವವೇ ಎಂಬುದನ್ನು ಮರೆಯಬಾರದು. ಪ್ರತಿದಿನ ಮುಂಜಾನೆ ಒಂದೇ ತಕ್ಕಡಿಯಲ್ಲಿ ತೂಕ ನೋಡುವುದು ಸುಲಭವಾದ ಪರೀಕ್ಷೆ. ಒಂದೆರಡು ದಿನಗಳಲ್ಲಿ ಒಂದು ಕಿಲೋ ಏರಿದರೆ ಸುಮಾರು ಒಂದು ಲೀಟರು ನೀರು ನಿಂತಿದೆಯೆಂದೇ ಅರ್ಥ. ಆದರೆ ಮೂತ್ರ ಸರಿಯಾಗಿ ಹೋಗುತ್ತಿರುವವರಿಗೆ, ವಾಂತಿಭೇದಿಯಿಂದ ಬಳಲುವವರಿಗೆ ನೀರನ್ನು ತಡೆಯುವುದು ಉಳಿದ ಮೂತ್ರಪಿಂಡವನ್ನೂ ಕೆಡಿಸಿದಂತೆ. ಒಬ್ಬರ ಪಥ್ಯ ಇನ್ನೊಬ್ಬರಿಗೆ ಸಲ್ಲದು.

ಮೂರನೆಯದಾದ ಪೊಟ್ಯಾಸಿಯಂ ಎಲ್ಲಕ್ಕಿಂತ ಕಪಟಿ. ರಕ್ತದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್‌ಗಳಷ್ಟಿರಬೇಕು. 6.5ನ್ನು ದಾಟಿದರೆ ಹೃದಯದ ಬಡಿತ ತಾಳ ತಪ್ಪಿ ನಿಂತುಹೋಗಬಹುದು. ಅದಕ್ಕೆ ಮುಂಚೆ ಯಾವ ಸೂಚನೆಯೂ ಕಾಣದಿರಬಹುದು. ಒಂದು ಲೋಟ ಎಳನೀರಿನಲ್ಲಿ ಹೆಚ್ಚುಕಡಿಮೆ ಒಂದು ಬಾಳೆಹಣ್ಣಿನಷ್ಟು ಪೊಟ್ಯಾಸಿಯಂ ಇದೆ. ಆದುದರಿಂದಲೇ ರೋಗಿಯನ್ನು ನೋಡಲು ಹೋಗುವವರು ಎಳನೀರು, ಹಣ್ಣುಗಳನ್ನು ಒಯ್ಯುವ ಮೊದಲು ಮನೆಯವರನ್ನು ಕೇಳುವುದು ಲೇಸು. ಪೊಟ್ಯಾಸಿಯಂ ಏರಿದವರು ಆಲೂಗಡ್ಡೆ, ಸೊಪ್ಪುಗಳನ್ನು ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿ ಬಳಸಬಹುದು. ಆ ಕಟ್ಟಿನಿಂದ ಸಾರು ಮಾಡುವ ನಮ್ಮ ರೂಢಿ ಇಲ್ಲಿ ಕೂಡದು. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಸೋಡಿಯಂಗೆ ಬದಲಾಗಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುವುದರಿಂದ ಅದೂ ಇವರಿಗೆ ಅಪಾಯಕರ. ರಕ್ತದೊತ್ತಡದ ಕೆಲವು ಮಾತ್ರೆಗಳು ಪೊಟ್ಯಾಸಿಯಂ ಅನ್ನು ಏರಿಸುತ್ತವೆ. ಆದರೂ ತಾವಾಗಿಯೇ ನಿಲ್ಲಿಸದೆ, ರಕ್ತಪರೀಕ್ಷೆ ಮಾಡಿಸಿ ವೈದ್ಯರ ಸಲಹೆಯಂತೆ ನಡೆಯತಕ್ಕದ್ದು.

ಪಥ್ಯ ಔಷಧಿಗಳೂ ಸಾಲದಾದಾಗ ಡಯಾಲಿಸಿಸ್ ಅನಿವಾರ್ಯ. ನೆದರ್‌ಲ್ಯಾಂಡ್ಸಿನ ಕಾಂಪೆನ್ ಎಂಬ ಪಟ್ಟಣದಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯರು 1943ರಲ್ಲಿ, ಯುದ್ಧದ ಅಭಾವಗಳ ನಡುವೆ, ಸೆಲ್ಲೋಫೇನ್ ಕೊಳವೆಯನ್ನು ಮರದ ಉರುಳೆಗೆ ಸುತ್ತಿ ಕೃತಕ ಮೂತ್ರಪಿಂಡವನ್ನು ರಚಿಸಿದರು. ಮೊದಲ ರೋಗಿಗಳು ಬಹುತೇಕ ಉಳಿಯಲಿಲ್ಲ. 1945ರಲ್ಲಿ ಪ್ರಜ್ಞೆ ತಪ್ಪಿದ್ದ 67 ವರ್ಷದ ವೃದ್ಧೆಯೊಬ್ಬರು ಕಣ್ದೆರೆದು ಬದುಕಿಕೊಂಡರು. ಇಂದು ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಸುಮಾರು ನಾಲ್ಕು ಗಂಟೆಗಳ ಕಾಲ ಈ ಚಿಕಿತ್ಸೆ ನಡೆಯುತ್ತದೆ. ನಿಜವಾದ ಮೂತ್ರಪಿಂಡವಾದರೋ ಹಗಲಿರುಳೂ ದುಡಿಯುವಂಥದು. ಎರಡು ಚಿಕಿತ್ಸೆಗಳ ನಡುವಿನ ದೀರ್ಘ ಬಿಡುವಿನಲ್ಲಿ ನೀರು, ಪೊಟ್ಯಾಸಿಯಂ ಶೇಖರವಾಗುವುದರಿಂದ ಅಪಾಯ ಆಗಲೇ ಹೆಚ್ಚು.

ಆ ಬಿಡುವಿನ ದಿನಗಳಲ್ಲಿ ರೋಗಿಯನ್ನು ಕಾಯುವ ಹೊಣೆ ಯಂತ್ರದ್ದಲ್ಲ, ಮನೆಯವರದು. ಅಳೆದಿಟ್ಟ ನೀರು, ಬಸಿದ ತರಕಾರಿ, ಹಿಡಿತದ ಉಪ್ಪು ಇವು ರೋಗಿಗೆ ವಿಧಿಸಿದ ಶಿಕ್ಷೆಯಲ್ಲ. ಆತನ ಆಯುಷ್ಯಕ್ಕೆ ನಾವು ಕೊಡಬಹುದಾದ ಆಸರೆ.